ಐದು ವಾಕ್ಯಗಳ ಒಂದು ಅರ್ಜಿ

ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ 1912ರ ಫೆಬ್ರವರಿ 9ರಂದು ಬರೆದ ಅರ್ಜಿಯೊಂದು ತಲುಪಿತು. ಖಾಲಿಯಿದ್ದ ಗುಮಾಸ್ತ ಹುದ್ದೆಯನ್ನು ಕೋರಿ ಅದನ್ನು ಬರೆದಿದ್ದವರು ಟ್ರಿಪ್ಲಿಕೇನ್‌ನಲ್ಲಿ ವಾಸವಾಗಿದ್ದ 24 ವರ್ಷದ ಯುವಕ. ಹೇಳಬೇಕಾದುದೆಲ್ಲ ಐದೇ ವಾಕ್ಯಗಳಲ್ಲಿ ಮುಗಿದಿತ್ತು. ತಾನು ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ. ತರಗತಿಯವರೆಗೆ ಓದಿರುವುದಾಗಿಯೂ, ಪ್ರತಿಕೂಲ ಸಂದರ್ಭಗಳಿಂದಾಗಿ ವ್ಯಾಸಂಗ ಅಲ್ಲಿಗೇ ನಿಂತಿತೆಂದೂ, ಅಂದಿನಿಂದ ಸಮಯವನ್ನೆಲ್ಲ ಗಣಿತಕ್ಕೇ ಮೀಸಲಿಟ್ಟಿರುವುದಾಗಿಯೂ, ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಸಲ್ಲಿಸುವ ವಿಶ್ವಾಸ ತನಗಿದೆಯೆಂದೂ ಅದರಲ್ಲಿ ತಿಳಿಸಿದ್ದರು. ಆ ಯುವಕ ಶ್ರೀನಿವಾಸ ರಾಮಾನುಜನ್.

ಉದ್ಯೋಗಕ್ಕೆ ಅರ್ಜಿ ಹಾಕುವಾಗ ತನ್ನ ಗುಣಗಳನ್ನು ತಾನೇ ಬಣ್ಣಿಸಿಕೊಳ್ಳಬೇಕಾದ ಸಂಕಟ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಹೊಸದಲ್ಲ. ಆತ್ಮಪ್ರಶಂಸೆ ಆತ್ಮಹತ್ಯೆಗೆ ಸಮ ಎಂಬ ಮಾತನ್ನು ಮಹಾಭಾರತದ ಕರ್ಣಪರ್ವದ ಪ್ರಸಂಗದಿಂದ ಕೇಳಿಕೊಂಡು ಬೆಳೆದವರು ನಾವು. ಮಾರುಕಟ್ಟೆಯಾದರೋ ಅದನ್ನೇ ಬೇಡುತ್ತದೆ. ಹೀಗಾಗಿ ಕೆಲವರು ಸಂಕೋಚದಿಂದ ಏನನ್ನೂ ಹೇಳದೆ ಉಳಿಯುತ್ತಾರೆ. ಉಳಿದವರು ಕಠಿಣ ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳಬಲ್ಲವ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದಾದ ವಿಶೇಷಣಗಳನ್ನು ಪೋಣಿಸುತ್ತಾರೆ. ಈ ಎರಡರ ನಡುವೆ ಮೂರನೆಯ ದಾರಿಯೊಂದು ಉಂಟೇ ಎಂಬ ಪ್ರಶ್ನೆಗೆ ರಾಮಾನುಜನ್ ಅವರ ಬದುಕಿನಲ್ಲಿ ಉತ್ತರವಿದೆ.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದ ರಾಮಾನುಜನ್ ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ಶಾಲೆಯಲ್ಲಿ ಬಹುಮಾನಗಳನ್ನು ಬಾಚಿಕೊಂಡ ಹುಡುಗ 1904ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದ್ದರು. ಆದರೆ ಅಷ್ಟರಲ್ಲಿ ಕಾರ್ ಎಂಬ ಇಂಗ್ಲಿಷ್ ಲೇಖಕನ ಗಣಿತ ಸೂತ್ರಗಳ ಸಂಗ್ರಹವೊಂದು ಅವರ ಕೈಸೇರಿತ್ತು. ಗಣಿತದ ಹೊರತು ಬೇರಾವ ವಿಷಯವೂ ರುಚಿಸದಂತಾಗಿತ್ತು. ಇಂಗ್ಲಿಷಿನಲ್ಲಿ ಅನುತ್ತೀರ್ಣರಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. ಬಳಿಕ ಮದರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರೂ ಎಫ್.ಎ. ಪರೀಕ್ಷೆ ದಾಟಲಾಗಲಿಲ್ಲ. 1909ರಲ್ಲಿ ಮದುವೆಯೂ ಆಯಿತು. ಪದವಿಯಿಲ್ಲ, ಸಂಪಾದನೆಯಿಲ್ಲ, ಇದ್ದದ್ದು ಸೂತ್ರಗಳಿಂದ ತುಂಬಿದ ನೋಟ್ ಪುಸ್ತಕಗಳು ಮಾತ್ರ.

ಆ ಪುಸ್ತಕಗಳೇ ಅವರ ಅರ್ಹತಾ ಪತ್ರಗಳಾದವು. 1910ರಲ್ಲಿ ಅವರು ಭಾರತೀಯ ಗಣಿತ ಸಂಘದ ಸ್ಥಾಪಕರೂ ಡೆಪ್ಯುಟಿ ಕಲೆಕ್ಟರರೂ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡರು. ಕೇಳಿದ್ದು ಕಂದಾಯ ಕಚೇರಿಯಲ್ಲೊಂದು ಗುಮಾಸ್ತಗಿರಿ. ತೋರಿಸಿದ್ದು ನೋಟ್ ಪುಸ್ತಕ. ಪುಟಗಳನ್ನು ತಿರುವಿದ ಅಯ್ಯರ್ ಇಂಥ ಪ್ರತಿಭೆಯನ್ನು ಕಡತಗಳಡಿ ಹೂಳಲು ಒಪ್ಪದೆ, ಮದರಾಸಿನ ಗಣಿತಜ್ಞ ಮಿತ್ರರಿಗೆ ಪತ್ರ ಕೊಟ್ಟು ಕಳುಹಿಸಿದರು. ಹೀಗೆ ಪರಿಚಯದಿಂದ ಪರಿಚಯಕ್ಕೆ ಸಾಗಿ, ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರ ರಾವ್ ಅವರಿಂದ ತಿಂಗಳಿಗೆ 25 ರೂಪಾಯಿಗಳ ನೆರವು ದೊರೆಯಿತು. 1911ರಲ್ಲಿ ಸಂಘದ ಪತ್ರಿಕೆಯಲ್ಲಿ ಬರ್ನೂಲಿ ಸಂಖ್ಯೆಗಳ ಕುರಿತ ಮೊದಲ ಪ್ರಬಂಧ ಅಚ್ಚಾಯಿತು. ಆದರೆ ಇನ್ನೊಬ್ಬರಿಗೆ ಬಹುಕಾಲ ಹೊರೆಯಾಗಿರಲು ರಾಮಾನುಜನ್ ಅವರಿಗೆ ಮನಸ್ಸಿರಲಿಲ್ಲ. ಪೋರ್ಟ್ ಟ್ರಸ್ಟ್ ಅರ್ಜಿಯ ಹಿಂದಿದ್ದುದು ಈ ಸ್ವಾಭಿಮಾನ.

ಆ ಅರ್ಜಿಯನ್ನು ಇನ್ನೊಮ್ಮೆ ಗಮನಿಸಬೇಕು. ಸೋಲನ್ನು ಅವರು ಮುಚ್ಚಿಡಲಿಲ್ಲ. ಅದಕ್ಕಾಗಿ ಗೋಳಾಡಲೂ ಇಲ್ಲ. ಅರ್ಧವಾಕ್ಯದಲ್ಲಿ ಅದನ್ನು ಹೇಳಿ ಮುಗಿಸಿ, ಆ ಬಳಿಕ ತಾವು ಏನು ಮಾಡುತ್ತಿದ್ದೇವೆಂಬುದಕ್ಕೆ ಮುಂದಿನ ವಾಕ್ಯವನ್ನು ಕೊಟ್ಟರು. ಬುದ್ಧಿವಂತ, ಶ್ರಮಜೀವಿ ಎಂಬ ಯಾವ ವಿಶೇಷಣವೂ ಅಲ್ಲಿಲ್ಲ. ಹೊಗಳುವ ಕೆಲಸವನ್ನು ಅವರು ಹೊಗಳಲು ಅರ್ಹರಾದವರಿಗೆ ಬಿಟ್ಟಿದ್ದರು. ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ನೀಡಿದ ಶಿಫಾರಸು ಪತ್ರ, ಯುವಕನ ಅಸಾಧಾರಣ ಗಣಿತ ಸಾಮರ್ಥ್ಯವನ್ನು ಹೇಳುವುದರ ಜೊತೆಗೆ ಅಂಕಿಗಳ ಲೆಕ್ಕದಲ್ಲಿ ಆತನಿಗಿದ್ದ ಚುರುಕನ್ನೂ ಹೇಳಿತ್ತು. ಲೆಕ್ಕಪತ್ರ ಕಚೇರಿಗೆ ಬೇಕಾದದ್ದು ಅದೇ ತಾನೆ? ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಅಲ್ಲಿನ ಹಿರಿಯ ಅಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತಾಸಕ್ತರು. ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಗುಣಗ್ರಾಹಿ. ಹೊಸ ಗುಮಾಸ್ತನ ಗಣಿತಕ್ಕೆ ಇಬ್ಬರೂ ಬೆಂಬಲವಾಗಿ ನಿಂತರು.

ಮರುವರ್ಷ, 1913ರ ಜನವರಿ 16ರಂದು ರಾಮಾನುಜನ್ ಬರೆದ ಇನ್ನೊಂದು ಪತ್ರ ಲೋಕಪ್ರಸಿದ್ಧ. ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿ ಅವರಿಗೆ ಬರೆದ ಆ ಪತ್ರದ ಆರಂಭದಲ್ಲೇ ತಾವು ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತರೆಂದೂ ವಿಶ್ವವಿದ್ಯಾಲಯದ ಶಿಕ್ಷಣವಿಲ್ಲದವರೆಂದೂ ತಿಳಿಸಿದರು. ಸ್ಥಳೀಯ ಗಣಿತಜ್ಞರು ತಮ್ಮ ಫಲಿತಾಂಶಗಳನ್ನು ಕಂಡು ಬೆರಗಾಗಿದ್ದಾರೆಂಬ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ಗಣಿತವೇ. ಹಾರ್ಡಿಯವರ ಕಿರುಗ್ರಂಥವೊಂದನ್ನು ಓದಿ, ಅದರಲ್ಲಿ ಬಗೆಹರಿಯದೆ ಉಳಿದಿದ್ದ ಪ್ರಶ್ನೆಯೊಂದನ್ನೇ ಹಿಡಿದು ಮಾತಿಗೆ ತೊಡಗಿದ್ದರು. ಜೊತೆಗೆ ನೂರಕ್ಕೂ ಮಿಕ್ಕಿದ ಪ್ರಮೇಯಗಳನ್ನು ಲಗತ್ತಿಸಿದ್ದರು. ವಿಚಿತ್ರವೆಂದರೆ, ಅವಿಭಾಜ್ಯ ಸಂಖ್ಯೆಗಳ ಎಣಿಕೆಯ ಬಗ್ಗೆ ಪತ್ರದಲ್ಲಿ ಅವರು ಮುಂದಿಟ್ಟ ದೊಡ್ಡ ಪ್ರತಿಪಾದನೆ ಪೂರ್ಣವಾಗಿ ಸರಿಯಿರಲಿಲ್ಲ. ಕೆಲವು ಸೂತ್ರಗಳು ಆಗಲೇ ಯುರೋಪಿಗೆ ತಿಳಿದಿದ್ದವು. ಆದರೆ ಉಳಿದ ಹಲವು, ಮುಖ್ಯವಾಗಿ ಸತತ ಭಿನ್ನರಾಶಿಗಳ ಸೂತ್ರಗಳು, ಹಾರ್ಡಿ ಮತ್ತು ಅವರ ಸಹೋದ್ಯೋಗಿ ಲಿಟಲ್‌ವುಡ್ ಅವರನ್ನು ದಂಗುಬಡಿಸಿದವು. ಇಂಥವನ್ನು ಹುಸಿಯಾಗಿ ಕಲ್ಪಿಸಿ ಬರೆಯುವುದು ಯಾರಿಂದಲೂ ಆಗದೆಂಬ ತೀರ್ಮಾನಕ್ಕೆ ಹಾರ್ಡಿ ಬಂದರು. ಬರೆದವರ ಬಗೆಗೆ ಪತ್ರ ಹೇಳದೆ ಬಿಟ್ಟಿದ್ದನ್ನು ಪ್ರಮೇಯಗಳು ಹೇಳಿದ್ದವು.

ಹಾಗೆಂದು ಪತ್ರ ಚೆನ್ನಾಗಿದ್ದರೆ ಸಾಕೆಂದು ಭಾವಿಸಬೇಕಿಲ್ಲ. ಹಾರ್ಡಿಗಿಂತ ಮೊದಲು ಕೇಂಬ್ರಿಜ್‌ನ ಬೇಕರ್ ಮತ್ತು ಹಾಬ್ಸನ್ ಎಂಬ ಇಬ್ಬರು ಹೆಸರಾಂತ ಗಣಿತಜ್ಞರಿಗೂ ರಾಮಾನುಜನ್ ಬರೆದಿದ್ದರು, ಅವರಿಂದ ಪ್ರಯೋಜನವಾಗಲಿಲ್ಲ. ಅರ್ಜಿ ಎಂಬುದು ಬರೆಯುವವನಷ್ಟೇ ಓದುವವನನ್ನೂ ಪರೀಕ್ಷೆಗೆ ಒಡ್ಡುತ್ತದೆ. ಹಾರ್ಡಿ ಫೆಬ್ರವರಿ 8ರಂದು ಉತ್ತರಿಸಿ ಸಾಧನೆಗಳನ್ನು ಕೇಳಿದಾಗ, ರಾಮಾನುಜನ್ ತಮಗೆ ಆಗ ಬೇಕಿರುವುದು ವಿದ್ಯಾರ್ಥಿವೇತನ ದೊರಕಿಸಿಕೊಡಬಲ್ಲ ಸಹಾನುಭೂತಿಯ ಪತ್ರವೆಂದು ನೇರವಾಗಿ ತಿಳಿಸಿದರು. ಹಸಿವನ್ನು ಹೇಳಿಕೊಳ್ಳಲು ನಾಚಲಿಲ್ಲ. ಅದನ್ನು ಅರ್ಹತೆಯೆಂದು ಮುಂದಿಡಲೂ ಇಲ್ಲ. ಅದೇ ಸುಮಾರಿಗೆ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಪೋರ್ಟ್ ಟ್ರಸ್ಟಿನಲ್ಲಿ ಅವರ ಬರಹಗಳನ್ನು ನೋಡಿ ಮದರಾಸು ವಿಶ್ವವಿದ್ಯಾಲಯಕ್ಕೆ ಬರೆದರು. ಪದವಿಯಿಲ್ಲದ ಆ ಗುಮಾಸ್ತರಿಗೆ ವಿಶ್ವವಿದ್ಯಾಲಯ 1913ರ ಮೇ ತಿಂಗಳಿನಿಂದ ಮಾಸಿಕ 75 ರೂಪಾಯಿಗಳ ಸಂಶೋಧನಾ ವೇತನ ಕೊಟ್ಟಿತು.

ಮುಂದಿನದು ಎಲ್ಲರೂ ಬಲ್ಲ ಕಥೆ. 1914ರ ಮಾರ್ಚ್ 17ರಂದು ಅವರು ಇಂಗ್ಲೆಂಡಿಗೆ ಹಡಗು ಹತ್ತಿದರು. 1916ರಲ್ಲಿ ಸಂಶೋಧನೆಗಾಗಿ ಕೇಂಬ್ರಿಜ್ ಅವರಿಗೆ ಬಿ.ಎ. ಪದವಿಯನ್ನಿತ್ತಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆಗಿ ಆಯ್ಕೆಯಾದ ಮೊದಲ ಭಾರತೀಯರೆನಿಸಿದರು. ಕಾಯಿಲೆಯಿಂದ ಜರ್ಜರಿತರಾಗಿ 1919ರಲ್ಲಿ ತಾಯ್ನಾಡಿಗೆ ಮರಳಿ, 1920ರ ಏಪ್ರಿಲ್ 26ರಂದು 32ನೆಯ ವಯಸ್ಸಿನಲ್ಲಿ ಮದರಾಸಿನಲ್ಲಿ ತೀರಿಕೊಂಡರು. ಅವರ ಕೊನೆಯ ದಿನಗಳ ಬರಹಗಳ ಕಟ್ಟೊಂದು 1976ರಲ್ಲಿ ಟ್ರಿನಿಟಿಯ ಗ್ರಂಥಾಲಯದಲ್ಲಿ ಜಾರ್ಜ್ ಆಂಡ್ರೂಸ್ ಅವರ ಕಣ್ಣಿಗೆ ಬಿತ್ತು.

ಎಲ್ಲರೂ ರಾಮಾನುಜನ್ ಆಗಲಾರರು ಎಂಬ ಆಕ್ಷೇಪ ಸಹಜವಾದದ್ದೇ. ಆದರೆ ಅವರ ವಿಧಾನಕ್ಕೆ ಮೇಧಾವಿತನ ಬೇಕಿಲ್ಲ. ಮಾಡಿದ ಕೆಲಸವನ್ನು ಎದುರಿಗಿಡುವುದು, ಸೋಲನ್ನು ಒಮ್ಮೆ ಹೇಳಿ ಮುಂದೆ ಸಾಗುವುದು, ಓದುವವರಿಗೆ ಏನು ಬೇಕೆಂದು ಅರಿತು ಬರೆಯುವುದು, ಹೊಗಳಿಕೆಯನ್ನು ಕೆಲಸ ಕಂಡವರ ಬಾಯಿಗೆ ಬಿಡುವುದು, ಇವು ಯಾರಿಗಾದರೂ ಸಾಧ್ಯ. ತಾನು ಶ್ರದ್ಧಾವಂತನೆಂದು ಬರೆಯುವ ಲೆಕ್ಕಿಗನಿಗಿಂತ, ಎರಡು ವರ್ಷಗಳಿಂದ ಹೊಂದಾಣಿಕೆಯಾಗದೆ ಉಳಿದಿದ್ದ ಲೆಕ್ಕವನ್ನು ಸರಿಪಡಿಸಿದೆನೆಂದು ಬರೆಯುವವನ ಶ್ರದ್ಧೆ ಬೇಗ ಮನದಟ್ಟಾಗುತ್ತದೆ. ಅಲ್ಲಿ ಆತ್ಮಪ್ರಶಂಸೆಯ ದೋಷವೂ ತಟ್ಟುವುದಿಲ್ಲ.

ಪಾಠ ಅರ್ಜಿ ಸ್ವೀಕರಿಸುವವರಿಗೂ ಇದೆ. ಪರೀಕ್ಷೆಯ ಅಂಕಗಳೊಂದೇ ಜರಡಿಯಾಗಿದ್ದಲ್ಲಿ 1912ರ ಆ ಅರ್ಜಿ ಕಸದ ಬುಟ್ಟಿ ಸೇರುತ್ತಿತ್ತು. ರಾಮಾನುಜನ್ ಅವರನ್ನು ಕೈಬಿಟ್ಟ ಶಿಕ್ಷಣ ವ್ಯವಸ್ಥೆಯ ಜಡತೆಯನ್ನು ಹಾರ್ಡಿ ಕಟುವಾಗಿಯೇ ಟೀಕಿಸಿದ್ದರು. ಪ್ರತಿ ವರ್ಷ ಡಿಸೆಂಬರ್ 22ನ್ನು ನಾವು ರಾಷ್ಟ್ರೀಯ ಗಣಿತ ದಿನವೆಂದು ಆಚರಿಸುತ್ತೇವೆ. ಅಂದು ಭಾವಚಿತ್ರಕ್ಕೆ ಹಾರ ಹಾಕುವ ಸಂಸ್ಥೆಗಳು, ತಮ್ಮ ಮೇಜಿನ ಮೇಲೆ ಬಂದ ಅರ್ಜಿಗಳಲ್ಲಿ ಎರಡು ಬಾರಿ ಅನುತ್ತೀರ್ಣನಾದವನ ಅರ್ಜಿಯನ್ನೂ ಪೂರ್ತಿ ಓದಿದರೆ ಅದು ಹಾರಕ್ಕಿಂತ ದೊಡ್ಡ ಗೌರವವಾದೀತು.