ಗಡಿಯಾರ ಬಿಚ್ಚಿದ ಹುಡುಗಿ – ಗ್ರೇಸ್ ಹಾಪರ್

ಮಕ್ಕಳೇ, ಅಲಾರಾಂ ಗಡಿಯಾರದ ಒಳಗೆ ಏನಿದೆ ಎಂದು ನೋಡುವ ಆಸೆ ನಿಮಗೆ ಆಗಿದೆಯೇ? ಅಮೆರಿಕದ ಏಳು ವರ್ಷದ ಒಬ್ಬ ಹುಡುಗಿಗೆ ಆಗಿತ್ತು. ಒಂದು ಗಡಿಯಾರ ಬಿಚ್ಚಿದಳು. ಮತ್ತೆ ಜೋಡಿಸಲು ಬರಲಿಲ್ಲ. ಇನ್ನೊಂದನ್ನು ಬಿಚ್ಚಿ ನೋಡಿದಳು. ತಾಯಿಗೆ ತಿಳಿಯುವ ಹೊತ್ತಿಗೆ ಮನೆಯ ಏಳು ಗಡಿಯಾರಗಳೂ ಬಿಡಿಬಿಡಿಯಾಗಿದ್ದವು! ತಾಯಿ ಪೂರ್ತಿ ಬೇಡ ಎನ್ನಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರ ಬಿಚ್ಚಬೇಕೆಂದು ಹೇಳಿದರು.

ಆ ಹುಡುಗಿಯೇ ಗ್ರೇಸ್ ಹಾಪರ್. ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಗಣಿತದಲ್ಲಿ ಡಾಕ್ಟರೇಟ್ ಪಡೆದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ನೌಕಾಪಡೆ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 1’ ಗಣಕಯಂತ್ರದ ಕೆಲಸಕ್ಕೆ ಕಳುಹಿಸಿದರು. ಅದರ ಉದ್ದ 51 ಅಡಿ! ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅದಕ್ಕೆ ಆದೇಶ ಕೊಡಬೇಕಿತ್ತು. ಒಂದು ತೂತು ತಪ್ಪಿದರೂ ಲೆಕ್ಕ ತಪ್ಪುತ್ತಿತ್ತು. ಹಾಪರ್ ಆ ಯಂತ್ರದ ಒಳಗನ್ನೆಲ್ಲ ಅರಿತರು.

ಮುಂದೆ 1952ರಲ್ಲಿ, ಪದೇ ಪದೇ ಬೇಕಾಗುವ ಆದೇಶಗಳನ್ನು ಗಣಕಯಂತ್ರವೇ ಹುಡುಕಿ ಜೋಡಿಸಿಕೊಳ್ಳುವ ವಿಧಾನವನ್ನು ರೂಪಿಸಿದರು. ಆಗ ಅವರು ಇನ್ನೊಂದು ವಿಷಯ ಗಮನಿಸಿದರು. ಸಂಬಳ, ಸರಕಿನ ಲೆಕ್ಕ ಬರೆಯುವ ಕಚೇರಿಯ ಜನರಿಗೆ ಗಣಿತದ ಚಿಹ್ನೆಗಳು ಕಷ್ಟವಾಗುತ್ತಿದ್ದವು. ಆದೇಶಗಳನ್ನು ಸಾಮಾನ್ಯ ಇಂಗ್ಲಿಷ್ ಪದಗಳಲ್ಲೇ ಬರೆದರೆ ಹೇಗೆ? ಯಂತ್ರಕ್ಕೆ ಇಂಗ್ಲಿಷ್ ಅರ್ಥವಾಗದು ಎಂದು ಬಲ್ಲವರೇ ತಳ್ಳಿಹಾಕಿದರು.

ಆದರೆ ಹಾಪರ್‌ಗೆ ಒಂದು ಗುಟ್ಟು ಗೊತ್ತಿತ್ತು. ಯಂತ್ರಕ್ಕೆ ಅಂಕಿಯೂ ಒಂದು ಗುರುತು, ಅಕ್ಷರವೂ ಒಂದು ಗುರುತು! ಒಂದೇ ಕೆಲಸದ ಆದೇಶಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಪದಗಳಲ್ಲಿ ಬರೆದು ತೋರಿಸಿದರು. ಅಧಿಕಾರಿಗಳು ಬೆಚ್ಚಿಬಿದ್ದರು! ಕೊನೆಗೆ ಇಂಗ್ಲಿಷ್ ಪದಗಳ ‘ಫ್ಲೋ-ಮ್ಯಾಟಿಕ್’ ಭಾಷೆ ಸಿದ್ಧವಾಯಿತು. 1959ರಲ್ಲಿ ತಜ್ಞರ ತಂಡವೊಂದು ರೂಪಿಸತೊಡಗಿದ ‘ಕೋಬಾಲ್’ ಭಾಷೆಗೆ ಅದೇ ಆಧಾರವಾಯಿತು. ಹಲವು ಬ್ಯಾಂಕುಗಳ ಲೆಕ್ಕ ಇಂದಿಗೂ ಕೋಬಾಲ್‌ನಲ್ಲಿ ನಡೆಯುತ್ತದೆ.

ಹಾಪರ್ 79ನೆಯ ವಯಸ್ಸಿನವರೆಗೆ ನೌಕಾಪಡೆಯಲ್ಲಿ ದುಡಿದು, 1992ರ ಜನವರಿ 1ರಂದು ತೀರಿಕೊಂಡರು.

ಕಂಪ್ಯೂಟರ್, ಮೊಬೈಲ್‌ಗಳ ಪರದೆಯ ಮೇಲೆ ಯಾವ ಪದ, ಯಾವ ಗುಂಡಿ, ಯಾವ ಚಿತ್ರ ಇರಬೇಕೆಂದು ಯೋಚಿಸುವವರು ಈಗ ಬೇರೆಯೇ ಇರುತ್ತಾರೆ. ಅವರಿಗೂ ಯಂತ್ರದ ಒಳಗಿನ ಕೆಲಸ ತಿಳಿದಿರಬೇಕೇ? ತಿಳಿದಿದ್ದರೆ ಒಳ್ಳೆಯದು. ಯಂತ್ರದಿಂದ ಏನೇನು ಮಾಡಿಸಬಹುದೆಂದು ಆಗ ಗೊತ್ತಾಗುತ್ತದೆ. ಆದರೆ ಅದೊಂದೇ ಸಾಲದು. ಹಾಪರ್ ಮಾತನ್ನು ತಳ್ಳಿಹಾಕಿದವರಿಗೂ ಯಂತ್ರ ಗೊತ್ತಿತ್ತಲ್ಲವೇ? ಹಾಪರ್ ಯಂತ್ರದ ಜೊತೆಗೆ, ಅದನ್ನು ಬಳಸುವವರ ಕಷ್ಟವನ್ನೂ ಅರಿತಿದ್ದರು.

ನೀವೂ ಮಾಡಿ ನೋಡಿ: ಕಾಗದದ ದೋಣಿ ಮಾಡುವ ವಿಧಾನವನ್ನು ಬರೆದು, ದೋಣಿ ಮಾಡಲು ಬಾರದ ಗೆಳೆಯನಿಗೆ ಕೊಡಿ. ನೀವು ಬಾಯಿ ಬಿಡಬೇಡಿ! ಅವನು ಎಲ್ಲಿ ತಡವರಿಸುತ್ತಾನೆ? ಆ ಸಾಲನ್ನು ತಿದ್ದಿ ಬರೆಯಿರಿ.