ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರು

ಗುರುಹಿರಿಯರು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಕಾಪಾಡಿಕೊಂಡು ಬಂದ ನಿಧಿಗಳಲ್ಲಿ ತಾಡವೋಲೆಯ ಕಟ್ಟುಗಳಿಗಿಂತ ಮಿಗಿಲಾದುದು ಮತ್ತೊಂದಿಲ್ಲ. ಅವುಗಳನ್ನು ಅರಿವೆಯಲ್ಲಿ ಸುತ್ತಿ, ಜಗುಲಿಯ ಮೇಲಿರಿಸಿ, ವಿಭೂತಿ ಪತ್ರೆಗಳಿಂದ ಅರ್ಚಿಸಿ, ತಂದೆಯು ಮಗನಿಗೂ ಗುರುವು ಶಿಷ್ಯನಿಗೂ ಒಪ್ಪಿಸುತ್ತ ಬಂದರು. ಆ ಭಕ್ತಿಯ ಬಲದಿಂದಲೇ ಅವು ಉಳಿದುವು. ಆದರೆ ಅರ್ಚನೆಗೊಂಡ ಕಟ್ಟು ಬಿಚ್ಚದೆಯೇ ಇದ್ದರೆ ಅದರೊಳಗಣ ವಾಣಿಯು ಮೌನವಾಗಿಯೇ ಉಳಿಯುವುದು. ಹುಳು ಹಿಡಿದ ಓಲೆಯೊಡನೆ ಕಡೆಗೆ ಅಳಿದೂ ಹೋಗುವುದು. ಹೀಗೆ ಮೌನವಾಗಿದ್ದ ಶರಣವಾಣಿಗೆ ಮತ್ತೆ ಧ್ವನಿಯನ್ನು ಕೊಡುವುದಕ್ಕಾಗಿ ತಮ್ಮ ಆಯುಷ್ಯವನ್ನೂ ಆಸ್ತಿಯನ್ನೂ ಸವೆಸಿದ ಮಹನೀಯರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಇವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ಆ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವು ಹೆಚ್ಚಾಗಿದ್ದು, ಕನ್ನಡದ ಮೇಲಣ ಅಭಿಮಾನವು ಮನೆಯಲ್ಲಿಯೇ ಬೆಳೆಯಬೇಕಾಗಿದ್ದಿತು. ಆ ಭಾಗ್ಯವು ಬಾಲಕ ಫಕೀರಪ್ಪನಿಗೆ ದೊರೆಯಿತು. ಧಾರವಾಡದಲ್ಲಿ ಪ್ರವೇಶ ಪರೀಕ್ಷೆಯನ್ನು ಮುಗಿಸಿ ಮುಂಬಯಿಗೆ ಹೋದರು. ಅಲ್ಲಿ ಆಲೂರ ವೆಂಕಟರಾಯರ ಸಹವಾಸವು ಒದಗಿತು. ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಗಾಗಿ ಸಂಘಗಳನ್ನೂ ಪತ್ರಿಕೆಗಳನ್ನೂ ಕಟ್ಟಿಕೊಂಡು ಮುಂದುವರಿಯುತ್ತಿದ್ದುದನ್ನು ಕಣ್ಣಾರೆ ಕಂಡ ತರುಣರ ಮನಸ್ಸಿನಲ್ಲಿ ಕನ್ನಡಿಗರೂ ಹೀಗೇಕೆ ಒಂದುಗೂಡಬಾರದೆಂಬ ವಿಚಾರವು ಬೇರೂರಿತು. ನ್ಯಾಯಶಾಸ್ತ್ರದ ಪದವಿಯನ್ನು ಪಡೆದು 1904ರಲ್ಲಿ ಬೆಳಗಾವಿಯಲ್ಲಿ ವಕೀಲಿಯನ್ನಾರಂಭಿಸಿ, ಬಹುಬೇಗನೆ ವಿಜಾಪುರಕ್ಕೆ, ಎಂದರೆ ಈಗಿನ ವಿಜಯಪುರಕ್ಕೆ, ಬಂದು ನೆಲೆಸಿದರು.

ವೃತ್ತಿಯಲ್ಲಿ ಅವರಿಗೆ ಒಳ್ಳೆಯ ಹೆಸರು ಬಂದಿತು. ಆದರೆ ಅವರ ಚಿತ್ತವನ್ನು ಸೆಳೆದುದು ಬೇರೊಂದು ವಸ್ತು. ರಬಕವಿ-ಬನಹಟ್ಟಿಯ ಗೃಹಸ್ಥರೊಬ್ಬರ ಮನೆಯಲ್ಲಿ ಪ್ರಭುದೇವರ ವಚನಗಳಿದ್ದ ಓಲೆಯ ಕಟ್ಟು ಅವರ ಕೈಗೆ ಬಂದಿತು. ಅದನ್ನೋದಿದ ಮೇಲೆ ಅವರ ಬಾಳಿನ ದಿಕ್ಕೇ ತಿರುಗಿತು. ಇಂತಹ ವಾಣಿಯು ತಮ್ಮ ನಾಡಿನಲ್ಲಿಯೇ, ತಮ್ಮ ನುಡಿಯಲ್ಲಿಯೇ ಇದ್ದೂ ಅದನ್ನು ಬಲ್ಲವರು ವಿರಳವಾಗಿದ್ದರು. ಕೆಲವು ವಚನಗಳು ಅದಕ್ಕೆ ಮೊದಲೇ ಅಚ್ಚಾಗಿದ್ದುವು, ನಿಜ. ಆದರೆ ಬಹುಭಾಗವು ಇನ್ನೂ ಓಲೆಗಳಲ್ಲಿಯೇ ಚೆದರಿ ಹೋಗಿದ್ದಿತು.

ಅಂದಿನಿಂದ ಕಟ್ಟುಗಳ ಶೋಧನೆಯೇ ಅವರ ವ್ರತವಾಯಿತು. ಊರೂರು ತಿರುಗಿದರು, ಮಠಗಳ ಬಾಗಿಲಲ್ಲಿ ನಿಂತರು, ಮನೆಮನೆಗಳಲ್ಲಿ ವಿಚಾರಿಸಿದರು. ಪೂಜೆಯ ವಸ್ತುವನ್ನು ಪರರ ಕೈಗೆ ಕೊಡಲು ಒಪ್ಪದವರೇ ಬಹಳ. ಅವರನ್ನು ವಿನಯದಿಂದ ಒಲಿಸಿಕೊಳ್ಳಬೇಕಾಗಿದ್ದಿತು. ಕಟ್ಟು ದೊರೆತ ಮೇಲೆಯೂ ಶ್ರಮವು ಮುಗಿಯುತ್ತಿರಲಿಲ್ಲ. ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಗಳು ಮಾಸಿರುವುವು; ಪದ ಪದಗಳ ನಡುವೆ ಬಿಡುವಿಲ್ಲದೆ ಸಾಲು ಸಾಗುವುದು; ಒಂದು ಪ್ರತಿಯಲ್ಲಿರುವ ಪಾಠವು ಮತ್ತೊಂದರಲ್ಲಿ ಬೇರೆಯಾಗಿರುವುದು. ಒಂದೇ ಕಟ್ಟಿನಲ್ಲಿ ಹಲವರು ಶರಣರ ವಚನಗಳು ಸ್ಥಲಕ್ರಮದಿಂದ ಬೆರೆತಿರಲು, ಕಡೆಯಲ್ಲಿ ಬರುವ ಅಂಕಿತವನ್ನು ಹಿಡಿದು ಇದು ಇಂತಹವರದೆಂದು ಬೇರ್ಪಡಿಸಬೇಕು. ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ತೂಗಿ ನೋಡುವ ಅಭ್ಯಾಸವುಳ್ಳ ವಕೀಲರು ಅದೇ ಎಚ್ಚರವನ್ನು ಇಲ್ಲಿಯೂ ತೋರಿದರು. 1920ರ ಸುಮಾರಿಗೆ ಅವರಲ್ಲಿ ಸಾವಿರದಷ್ಟು ಕಟ್ಟುಗಳು ಸಂಗ್ರಹವಾಗಿದ್ದುವು.

ಹೀಗೆ ಬಿಚ್ಚಿದ ಕಟ್ಟುಗಳಿಂದ ಹೊರಬಂದವರು ಒಬ್ಬಿಬ್ಬರು ಕವಿಗಳಲ್ಲ, ಒಂದು ಇಡಿಯ ಸಮಾಜ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವಗೋಷ್ಠಿಯಲ್ಲಿ ಕೂಡಿದ ಶರಣರು ಅರಮನೆಯ ಆಶ್ರಯವನ್ನು ಬೇಡಿದ ಕವಿಗಳಾಗಿರಲಿಲ್ಲ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಿದಿರು ಹೆಣೆಯುವ ಕೇತಯ್ಯ, ಅಕ್ಕಿಯನ್ನಾಯುವ ಲಕ್ಕಮ್ಮ, ಇವರೆಲ್ಲರೂ ತಮ್ಮ ಕಾಯಕವನ್ನು ಬಿಡದೆಯೇ ಅನುಭಾವವನ್ನು ನುಡಿದರು. ಒಬ್ಬರ ಮಾತಿಗೆ ಮತ್ತೊಬ್ಬರು ಉತ್ತರವಿತ್ತರು. ಒಬ್ಬರ ನಡೆಯನ್ನು ಮತ್ತೊಬ್ಬರು ಒರೆಹಚ್ಚಿದರು. ಹಳಕಟ್ಟಿಯವರಿಗೆ ಮೊದಲು ಸುಮಾರು ಐವತ್ತು ಮಂದಿ ವಚನಕಾರರ ಹೆಸರು ಮಾತ್ರ ತಿಳಿದಿದ್ದಿತೆಂದೂ, ಅವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರೈವತ್ತನ್ನು ಮೀರಿತೆಂದೂ ವಿದ್ವಾಂಸರು ಎಣಿಸಿರುವರು.

ಸಂಗ್ರಹಿಸಿದುದನ್ನು ಲೋಕಕ್ಕೆ ಮುಟ್ಟಿಸುವುದು ಇನ್ನೂ ಕಠಿನವಾಯಿತು. ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿ ಸಿದ್ಧಪಡಿಸಿದ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿತು. ಕಡೆಗೆ ಬೆಳಗಾವಿಯಲ್ಲಿ ಮುದ್ರಿತವಾಗಿ, 1923ರಲ್ಲಿ ಮೊದಲನೆಯ ಭಾಗವು ಬೆಳಕನ್ನು ಕಂಡಿತು. ಪರರ ಮುದ್ರಣಾಲಯಗಳನ್ನು ಕಾಯ್ದುಕೊಂಡಿದ್ದರೆ ಈ ಕಾರ್ಯವು ತಮ್ಮ ಜೀವಮಾನದಲ್ಲಿ ಮುಗಿಯದೆಂಬುದು ಅವರಿಗೆ ಆಗ ಮನವರಿಕೆಯಾಯಿತು. 1925ರಲ್ಲಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿ, ಆ ಹಣದಿಂದ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಸಂಪಾದನೆಯಿದ್ದ ವಕೀಲರೊಬ್ಬರು ಮನೆಯನ್ನು ಕಳೆದುಕೊಂಡು ಬಾಡಿಗೆಯ ಮನೆಗೆ ನಡೆದುದನ್ನು ಲೋಕವು ಅವಿವೇಕವೆನ್ನಬಹುದು. ಆದರೆ ಶರಣರು ದಾಸೋಹವೆಂದು ಕರೆದುದು ಇದನ್ನಲ್ಲದೆ ಮತ್ತಾವುದನ್ನು? ಬೇರೆಯವರು ಅನ್ನವನ್ನಿಕ್ಕಿದರು, ಇವರು ಅಕ್ಷರವನ್ನಿಕ್ಕಿದರು.

1926ರಲ್ಲಿ ಶಿವಾನುಭವವೆಂಬ ತ್ರೈಮಾಸಿಕವು ಆರಂಭವಾಯಿತು. ಮುಂದಿನ ವರ್ಷ ನವಕರ್ನಾಟಕ ವಾರಪತ್ರಿಕೆಯು ಹೊರಟಿತು. ಹರಿಹರನ ರಗಳೆಗಳೂ, 1930ರಲ್ಲಿ ಗೂಳೂರು ಸಿದ್ಧವೀರಣಾಚಾರ್ಯರ ಶೂನ್ಯಸಂಪಾದನೆಯೂ, ಇನ್ನೆಷ್ಟೋ ಶರಣಕೃತಿಗಳೂ ಆ ಮುದ್ರಣಾಲಯದ ಮೊಳೆಗಳಿಂದ ಮೂಡಿದುವು. ಲೇಖನವನ್ನು ಬರೆಯುವುದು, ಕರಡನ್ನು ತಿದ್ದುವುದು, ಚಂದಾ ಹಣಕ್ಕಾಗಿ ಪತ್ರ ಬರೆಯುವುದು, ಎಲ್ಲವೂ ಅವರ ಪಾಲಿಗೇ ಬಂದಿದ್ದಿತು. ಸಾಲವು ಬೆನ್ನು ಬಿಡಲಿಲ್ಲ. ಆದರೂ ಮೂರು ದಶಕಗಳಿಗೂ ಮಿಗಿಲಾಗಿ ಶಿವಾನುಭವವು ನಡೆಯಿತು.

ಆ ಪತ್ರಿಕೆಯ ಮಹತ್ವವನ್ನು ತಿಳಿಯಬೇಕಾದರೆ ಅಂದಿನ ಕರ್ನಾಟಕದ ಸ್ಥಿತಿಯನ್ನು ನೆನೆಯಬೇಕು. ಹೊನ್ನಾಳಿಯು ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ್ದಿತು. ವಿಜಾಪುರವು ಮುಂಬಯಿ ಪ್ರಾಂತ್ಯದಲ್ಲಿದ್ದಿತು. ಬಸವಕಲ್ಯಾಣವು ಹೈದರಾಬಾದ್ ನಿಜಾಮರ ಸೀಮೆಯಲ್ಲಿದ್ದಿತು. ಆಡಳಿತವು ಬೇರೆ, ಪಠ್ಯಪುಸ್ತಕವು ಬೇರೆ. ಆದರೆ ವಚನಗಳಿಗೆ ಆ ಗಡಿಗಳಿರಲಿಲ್ಲ. ಪ್ರಭುದೇವರ ಬಳ್ಳಿಗಾವಿಯೂ, ಮಹಾದೇವಿಯಕ್ಕನ ಉಡುತಡಿಯೂ, ಸತ್ಯಕ್ಕನ ಜಂಬೂರೂ ಇರುವುದು ಹೊನ್ನಾಳಿಯ ನೆರೆಯ ಶಿಕಾರಿಪುರ ಸೀಮೆಯಲ್ಲಿಯೇ. ಈ ತುಂಗಭದ್ರಾ ತೀರದ ಜನರಿಗೆ ತಮ್ಮ ನೆರೆಯ ನೆಲದಲ್ಲಿ ಹುಟ್ಟಿದ ಶರಣರ ವಾಣಿಯು ದೂರದ ವಿಜಾಪುರದಲ್ಲಿ ಅಚ್ಚಾಗಿ ಮರಳಿ ಬಂದಿತು. ಉತ್ತಂಗಿ ಚನ್ನಪ್ಪನವರು, ಶಿ. ಶಿ. ಬಸವನಾಳರು, ಮೈಸೂರಿನ ಎಂ. ಆರ್. ಶ್ರೀನಿವಾಸಮೂರ್ತಿಗಳು ಮೊದಲಾದವರು ಶರಣಸಾಹಿತ್ಯದಲ್ಲಿ ನಿರತರಾದುದು ಇದೇ ಯುಗದಲ್ಲಿ. ಇವರಲ್ಲಿ ಕ್ರೈಸ್ತ ಪಾದ್ರಿಗಳೂ ಬ್ರಾಹ್ಮಣ ವಿದ್ವಾಂಸರೂ ಇದ್ದರೆಂಬುದು ಗಮನಾರ್ಹ. ಶರಣವಾಣಿಯು ತನ್ನನ್ನು ಪ್ರೀತಿಸಿದವರೆಲ್ಲರನ್ನೂ ಒಂದು ಗೋಷ್ಠಿಯನ್ನಾಗಿ ಮಾಡಿತು.

ಹಳಕಟ್ಟಿಯವರ ಸೇವೆಯು ಗ್ರಂಥಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ವಿಜಾಪುರದ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಯ ಉದಯದಲ್ಲಿ, 1910ರಲ್ಲಿ, ಅವರದು ಪ್ರಮುಖ ಹಸ್ತ. 1912ರ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಹಾಗೆಯೇ. ಮುಂಬಯಿ ಶಾಸನ ಸಭೆಯಲ್ಲಿಯೂ ಕೆಲವು ಕಾಲ ಸದಸ್ಯರಾಗಿದ್ದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವು ಅವರಿಗೆ ಸಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಅದೇ ವರ್ಷ ಕನ್ನಡ ನಾಡು ಒಂದಾದುದನ್ನು ಕಂಡು, 1964ರ ಜೂನ್ 29ರಂದು ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು.

ಅವರು ಬಿತ್ತಿದ ಬೀಜವು ಮುಂದೆ ಫಲಿಸಿತು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ವಚನಪಿತಾಮಹರೆಂಬ ಬಿರುದು ನಾಡಿನ ನಾಲಗೆಯಲ್ಲಿ ನಿಂತಿತು.

ಆದರೆ ಇಂತಹ ಮಹನೀಯರಿಗೆ ಬಿರುದಿನಿಂದಲೂ ಭಾವಚಿತ್ರದ ಪೂಜೆಯಿಂದಲೂ ಸಲ್ಲುವ ಗೌರವವು ಅಲ್ಪವೇ ಸರಿ. ಶರಣರ ಗ್ರಂಥವನ್ನು ಅರಿವೆಯಲ್ಲಿ ಸುತ್ತಿ ಇಟ್ಟರೆ ಸಾಲದು, ಬಿಚ್ಚಿ ಓದಬೇಕು. ಓದಿದರೆ ಸಾಲದು, ನಾಲ್ವರೊಡನೆ ಕುಳಿತು ವಿಚಾರಿಸಬೇಕು. ವಿಚಾರಿಸಿದರೂ ಸಾಲದು, ಕಾಯಕದಲ್ಲಿ ತಂದುಕೊಳ್ಳಬೇಕು. ಇದೇ ಅವರ ಬಾಳು ಕಲಿಸಿದ ಪಾಠ. ಭಕ್ತರ ಮನೆಯ ಜಗುಲಿಯ ಮೇಲೆ ಇಂದಿಗೂ ಓಲೆಯ ಕಟ್ಟೊಂದು ಉಳಿದಿದ್ದರೆ ಅದನ್ನು ಬಲ್ಲವರಿಗೆ ತೋರಿಸಿ ಓದಿಸುವುದೂ, ಮಠದ ಅನುಭವಗೋಷ್ಠಿಗೆ ಮಕ್ಕಳನ್ನು ಕರೆತರುವುದೂ ಆ ಹಿರಿಯರಿಗೆ ಸಲ್ಲಿಸುವ ನಿಜವಾದ ಶರಣಾರ್ಥಿ. ಮನೆಯನ್ನು ಮಾರಿ ಅವರು ಉಳಿಸಿದ ವಾಣಿಯು ಭಕ್ತರ ಮನೆಮನೆಗಳಲ್ಲಿ ನೆಲಸಿ ಬೆಳಗಲಿ.