ಗುರು ರಹೀಂ ಸಾಹೇಬರು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೂಡಲಗಿಯ ಬಳಿಯ ಹಳ್ಳಿಯಿಂದ ದಿನಾಲು ಬಸ್ಸಿನಲ್ಲಿ ಗೋಕಾಕಕ್ಕೆ ಬಂದು ಓದುವ ನನಗೆ ಪಾಠದಷ್ಟೇ ಪ್ರಿಯವಾದದ್ದು ಕಾಲ್ಚೆಂಡಾಟ. ಕುಸ್ತಿ ಕಬಡ್ಡಿಗಳಿಗೆ ಹೆಸರಾದ ಈ ಸೀಮೆಯಲ್ಲಿ ನಾವು ಹನ್ನೊಂದು ಜನ ಕೂಡುವುದೇ ಕಷ್ಟ. ಆದರೂ ಮುಂಚೂಣಿಯಲ್ಲಿ ನಿಂತು ಗೋಲು ಹೊಡೆಯುವವನೆಂಬ ಹೆಮ್ಮೆ ನನಗಿತ್ತು.

ಹೋದ ವರ್ಷ ಹುಕ್ಕೇರಿಯಲ್ಲಿ ನಡೆದ ಒಂದು ಪಂದ್ಯದಲ್ಲಿ ಆ ಹೆಮ್ಮೆ ಮುರಿಯಿತು. ಆಟಕ್ಕೆ ಮುನ್ನ ನಮ್ಮನ್ನು ತಿದ್ದುತ್ತಿದ್ದ ಹಿರಿಯರು ನನ್ನನ್ನು ಹಿಂದಿನ ಸಾಲಿಗೆ, ರಕ್ಷಣೆಗೆ, ಕಳಿಸಿದರು. ನನಗೆ ಅದು ಅವಮಾನವೆನಿಸಿತು. ಸಿಟ್ಟಿನಿಂದ ನನ್ನ ಸ್ಥಳ ಬಿಟ್ಟು ಮುಂದಕ್ಕೆ ಓಡಿದೆ. ಎದುರಾಳಿಗಳು ಆ ತೆರವಾದ ಜಾಗದಿಂದಲೇ ನುಗ್ಗಿ ಗೋಲು ಹೊಡೆದರು. ಒಂದೇ ಗೋಲಿನಿಂದ ನಾವು ಸೋತೆವು. ಮರಳುವ ಬಸ್ಸಿನಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ.

ಆ ದಿನಗಳಲ್ಲಿ ನಾನು ಓದಿ ತಿಳಿದದ್ದು ಸೈಯದ್ ಅಬ್ದುಲ್ ರಹೀಂ ಅವರ ಜೀವನವನ್ನು. 2024ರಲ್ಲಿ ತೆರೆಕಂಡ ‘ಮೈದಾನ್’ ಚಲನಚಿತ್ರದಿಂದ ಕೆಲವು ಗೆಳೆಯರು ಅವರ ಹೆಸರು ಕೇಳಿರಬಹುದು. ಕೇಳದವರಿಗಾಗಿ ಈ ನಾಲ್ಕು ಮಾತು.

ರಹೀಂ ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಹುಟ್ಟಿದರು. ನಮ್ಮ ಕಲಬುರ್ಗಿ, ಬೀದರ, ರಾಯಚೂರುಗಳು ಅಂದು ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಅವರು ಒಳ್ಳೆಯ ಆಟಗಾರರೆನಿಸಿದ್ದರು. ಬಿ.ಎ. ಪದವಿ ಪಡೆದು, ಶಾಲಾ ಶಿಕ್ಷಕರಾಗಿ, ಮುಂದೆ ದೈಹಿಕ ಶಿಕ್ಷಣವನ್ನೂ ಕಲಿತು, ತಾವು ಆಡುವುದನ್ನು ಬಿಟ್ಟ ಮೇಲೆ ಇತರರನ್ನು ಆಡಿಸುವುದಕ್ಕೆ ಬಾಳನ್ನು ಮೀಸಲಿಟ್ಟರು. ಶಿಷ್ಯರ ಬಾಯಲ್ಲಿ ಅವರು ರಹೀಂ ಸಾಹೇಬರು.

ಅವರ ಶಿಕ್ಷಣ ಕ್ರಮವೇ ಬೇರೆ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮೆರೆಯುವುದನ್ನು ಬಿಡಿಸಲು, ಚೆಂಡನ್ನು ಹೊರಳಿಸುತ್ತ ಓಡಲು ಅವಕಾಶವಿಲ್ಲದ ಪಂದ್ಯಾವಳಿಗಳನ್ನು ನಡೆಸಿದರು. ದುರ್ಬಲವಾದ ಕಾಲಿನಿಂದ ಮಾತ್ರ ಒದೆಯಬೇಕೆಂಬ ಪಂದ್ಯಗಳನ್ನೂ ಏರ್ಪಡಿಸಿದರು. ತನ್ನ ಕೊರತೆಯನ್ನು ಮುಚ್ಚಿಡದೆ ದುಡಿಸಿ ಬಲಪಡಿಸಿಕೊಳ್ಳಬೇಕೆಂಬುದು ಇದರ ತಿರುಳು. ಅವರು ತಿದ್ದಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು.

1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಮಾರ್ಗದರ್ಶನದ ಭಾರತ ತಂಡ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಪಡೆಯಿತು. ನಮ್ಮ ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರೆಂಬುದು ಕನ್ನಡ ನಾಡಿಗೆ ಅಭಿಮಾನದ ಸಂಗತಿ. ಮರುವರ್ಷ ಹೆಲ್ಸಿಂಕಿಯಲ್ಲಿ ಬರಿಗಾಲಿನಲ್ಲಿ ಆಡಿದವರೂ ಇದ್ದ ನಮ್ಮ ತಂಡ ಯುಗೋಸ್ಲಾವಿಯಾದ ಎದುರು 10-1ರಿಂದ ಸೋತಿತು. ಆ ಬಳಿಕ ಬೂಟು ಕಡ್ಡಾಯವಾಯಿತು. ರಹೀಂ ಸಾಹೇಬರು ಸೋಲಿಗೆ ಎದೆಗುಂದದೆ ಮತ್ತೆ ತಂಡವನ್ನು ಕಟ್ಟಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿತು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 1962ರ ಜಕಾರ್ತಾದ ಕಥೆ. ಆ ತಂಡದ ರಕ್ಷಣೆಯ ಕಂಬವಾಗಿದ್ದವರು 1936ರಲ್ಲಿ ಹುಟ್ಟಿದ ಪಂಜಾಬಿನ ಜರ್ನೈಲ್ ಸಿಂಗ್. ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾಕ್ಕೆ 2-0ರಿಂದ ಸೋತಿತು. ಥಾಯ್ಲೆಂಡಿನ ಮೇಲೆ ಗೆದ್ದಿತಾದರೂ ಆ ಆಟದಲ್ಲಿ ಜರ್ನೈಲರ ತಲೆಗೆ ಪೆಟ್ಟು ಬಿದ್ದು ಆರು ಹೊಲಿಗೆ ಹಾಕಬೇಕಾಯಿತು. ಬೇರೆಯವರಾಗಿದ್ದರೆ ಅಂಥವನನ್ನು ಹೊರಗೆ ಕೂಡಿಸುತ್ತಿದ್ದರು. ರಹೀಂ ಸಾಹೇಬರು ಸೆಮಿಫೈನಲ್‌ನಲ್ಲಿ ಅವರನ್ನು ಹಿಂದಿನಿಂದ ಎತ್ತಿ ಮುಂಚೂಣಿಯ ನಡುವೆ ನಿಲ್ಲಿಸಿದರು! ಜರ್ನೈಲರು ಗೋಲು ಹೊಡೆದರು. ದಕ್ಷಿಣ ವಿಯೆಟ್ನಾಂ 3-2ರಿಂದ ಸೋತಿತು.

ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಎದುರಾದದ್ದು ಮತ್ತೆ ಕೊರಿಯಾ. ಇಸ್ರೇಲ್ ಮತ್ತು ತೈವಾನಿಗೆ ಕೂಟದಲ್ಲಿ ಪ್ರವೇಶ ಸಿಗದ್ದನ್ನು ಭಾರತದ ಕ್ರೀಡಾಧಿಕಾರಿ ಜಿ. ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ಕೆರಳಿದ್ದರು. ಕಿಕ್ಕಿರಿದ ಕ್ರೀಡಾಂಗಣ ನಮ್ಮವರನ್ನು ಹಳಿಯುತ್ತಿತ್ತು. ಆ ಗದ್ದಲದ ನಡುವೆ ಪಿ. ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಮೂರೇ ನಿಮಿಷದಲ್ಲಿ ಜರ್ನೈಲರು ಎರಡನೆಯದನ್ನು ಹೊಡೆದರು. 2-1ರಿಂದ ಚಿನ್ನ ನಮ್ಮದಾಯಿತು.

ರಹೀಂ ಸಾಹೇಬರ ದೇಹವನ್ನು ಆಗಲೇ ಕ್ಯಾನ್ಸರ್ ತಿನ್ನುತ್ತಿತ್ತು. ಅಂತಿಮ ಪಂದ್ಯದ ಮುನ್ನ ಅವರು ಶಿಷ್ಯರಿಂದ ಬೇಡಿದ ಕಾಣಿಕೆ ಆ ಪದಕವೊಂದೇ ಎಂದು ಹೇಳುತ್ತಾರೆ. 1963ರ ಜೂನ್ 11ರಂದು ಅವರು ತೀರಿಕೊಂಡರು. ಆ ಬಳಿಕ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನ ಚಿನ್ನ ಭಾರತಕ್ಕೆ ಮತ್ತೆ ದೊರೆತಿಲ್ಲ.

ಈ ಕಥೆ ಓದಿದಾಗ ಮೊದಲು ನನಗೆ ಹೊಳೆದದ್ದು ತಪ್ಪು ಅರ್ಥ. ರಕ್ಷಕನೂ ಮುಂದೆ ಬಂದು ಗೋಲು ಹೊಡೆದನಲ್ಲ, ಹಾಗಾದರೆ ನಾನು ಓಡಿದ್ದು ಸರಿಯೇ ಎಂದುಕೊಂಡೆ. ಮತ್ತೆ ಮತ್ತೆ ಯೋಚಿಸಿದಾಗ ನಿಜ ತಿಳಿಯಿತು. ಜರ್ನೈಲರು ತಮ್ಮ ಸ್ಥಳ ಬಿಟ್ಟದ್ದು ಸಿಟ್ಟಿನಿಂದಲ್ಲ, ಗುರುವಿನ ಮಾತಿನಿಂದ. ಅವರು ಬಿಟ್ಟ ಜಾಗವನ್ನು ಕಾಯಲು ಜೊತೆಗಾರರು ಸಿದ್ಧರಿದ್ದರು. ನನ್ನ ಬೆನ್ನ ಹಿಂದೆ ಯಾರೂ ಇರಲಿಲ್ಲ. ತನ್ನ ಕಣ್ಣಿಗೆ ಕಾಣದ ತನ್ನ ಶಕ್ತಿ ಗುರುವಿನ ಕಣ್ಣಿಗೆ ಕಾಣುತ್ತದೆಂಬ ನಂಬಿಕೆ ಅವರಿಗಿತ್ತು, ನನಗಿರಲಿಲ್ಲ.

ಮರುದಿನ ಆ ಹಿರಿಯರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಈ ವರ್ಷವೆಲ್ಲ ಹಿಂದಿನ ಸಾಲಿನಲ್ಲೇ ಆಡಿದೆ. ಒಂದೂ ಗೋಲು ಹೊಡೆಯಲಿಲ್ಲ. ಹುಕ್ಕೇರಿಯ ದಿನದಂತೆ ಜಾಗವನ್ನೂ ಬಿಡಲಿಲ್ಲ.

ಮಗ ದೊಡ್ಡ ಸಾಹೇಬನಾಗಲಿ ಎಂಬುದು ಕಬ್ಬಿನ ಗದ್ದೆಯಲ್ಲಿ ದುಡಿಯುವ ನನ್ನ ತಂದೆಯ ಆಸೆ. ನನಗೋ ಬಿ.ಎಡ್. ಮುಗಿಸಿ ಮೂಡಲಗಿಯ ಸುತ್ತಿನ ಯಾವುದಾದರೊಂದು ಶಾಲೆಯಲ್ಲಿ ಮೇಷ್ಟ್ರಾಗಬೇಕೆಂಬ ಹಂಬಲ. ಪರೀಕ್ಷೆ ಮುಗಿದ ಸಂಜೆ ತಂದೆಯ ಬಳಿ ಕುಳಿತು ಇದನ್ನು ಹೇಳಬೇಕೆಂದಿದ್ದೇನೆ. ಅಕ್ಷರ ಬಾರದ ಅವರಿಗೆ ಮೊದಲು ರಹೀಂ ಸಾಹೇಬರ ಕಥೆಯನ್ನೇ ಹೇಳುತ್ತೇನೆ. ಅವರೂ ಬಿ.ಎ. ಓದಿದ ಒಬ್ಬ ಶಾಲಾ ಮೇಷ್ಟ್ರೇ ಆಗಿದ್ದರಲ್ಲವೇ?